ಒಂದು ‘ಸಾಕು’, ಮುಗಿಯದ ಮುಕ್ತಾಯ

ನಿನ್ನೆ ಸಂಜೆಯಿಂದ ಕಿವಿಯಲ್ಲಿ ಒಂದೇ ಮಾತು ಕೂತಿದೆ. ‘ಸಾಕು.’ ರಾತ್ರಿ ನಿದ್ದೆಯೂ ಸರಿಯಾಗಿ ಬರಲಿಲ್ಲ. ಬರೆದರಾದರೂ ಸ್ವಲ್ಪ ಹಗುರ ಆಗಬಹುದು ಅಂತ ಕೂತಿದ್ದೇನೆ.

ಕರ್ನಾಟಕ ಸಂಗೀತದ ಕೊನೆಯ ವರ್ಷದ ಮಕ್ಕಳ ಕಛೇರಿ ಪರೀಕ್ಷೆಗೆ ಮೃದಂಗ ನುಡಿಸಲು ಹೋಗಿದ್ದೆ. ಪ್ರತಿ ವರ್ಷ ಹೋಗುತ್ತೇನೆ, ನಿಮಗೆ ಗೊತ್ತೇ ಇದೆ. ಹಾಡುವವರು ಒಬ್ಬೊಬ್ಬರಾಗಿ ಬಂದು ಹೋಗುತ್ತಾರೆ. ಪಿಟೀಲಿನವರೂ ನಾನೂ ಬೆಳಿಗ್ಗೆಯಿಂದ ಸಂಜೆವರೆಗೆ ಅಲ್ಲೇ. ಒಬ್ಬೊಬ್ಬರಿಗೂ ಏನೇನಾಯಿತು ಅಂತ ಪೂರ್ತಿ ನೋಡಿದವರು ಪರೀಕ್ಷಕರನ್ನು ಬಿಟ್ಟರೆ ನಾವಿಬ್ಬರೇ.

ನೋಟೀಸಿನಲ್ಲಿ ಒಬ್ಬೊಬ್ಬರಿಗೆ 45 ನಿಮಿಷ ಅಂತ ಇತ್ತು. ಮೊದಲು ಹಾಡಿದ ಹುಡುಗನಿಗೆ 40 ನಿಮಿಷ ಸಿಕ್ಕಿತು. ಮಧ್ಯಾಹ್ನದ ಹೊತ್ತಿಗೆ ಅದು 25ಕ್ಕೆ ಇಳಿಯಿತು. ಕೊನೆಯ ಹುಡುಗಿಗೆ 14. ಗಡಿಯಾರ ನೋಡಿಯೇ ಹೇಳುತ್ತಿದ್ದೇನೆ.

ಈ ಕೊನೆಯ ಹುಡುಗಿ ನಾಲ್ಕು ತಿಂಗಳಿಂದ ನನ್ನ ಜೊತೆ ಅಭ್ಯಾಸ ಮಾಡುತ್ತಿದ್ದಳು. 45 ನಿಮಿಷ ಅಂದರೆ 45 ನಿಮಿಷಕ್ಕೇ ಸಿದ್ಧವಾಗಿದ್ದಳು. ಕಛೇರಿ ಶುರುಮಾಡುವ ವರ್ಣಕ್ಕೆ ಇಷ್ಟು, ಒಂದು ಚಿಕ್ಕ ಕೃತಿಗೆ ಇಷ್ಟು, ಆಮೇಲೆ ಮುಖ್ಯ ರಾಗ ಭೈರವಿ. ಸಾಹಿತ್ಯವಿಲ್ಲದೆ ರಾಗವನ್ನಷ್ಟೇ ಬೆಳೆಸುವ ಆಲಾಪನೆ, ಎರಡು ಕಳೆ (ತಾಳದ ಒಂದೊಂದು ಎಣಿಕೆಯನ್ನೂ ಇಮ್ಮಡಿ ಮಾಡುವ ನಿಧಾನಗತಿ) ಆದಿತಾಳದ ಕೃತಿ, ಅದರ ಒಂದು ಸಾಲನ್ನು ಬಗೆಬಗೆಯಾಗಿ ಹಾಡುವ ನೆರವಲ್, ಆಗಿಂದಾಗಲೇ ಸ್ವರ ಹೆಣೆಯುವ ಕಲ್ಪನಾಸ್ವರ, ನನಗೊಂದು ಪುಟ್ಟ ತನಿ (ಮೃದಂಗ ಒಂದೇ ನುಡಿಯುವ ಭಾಗ), ಕೊನೆಗೆ ಒಂದು ದೇವರನಾಮ. ಎಲ್ಲಿ ಉಸಿರು ಉಳಿಸಿಕೊಳ್ಳಬೇಕು, ಎಲ್ಲಿ ದನಿ ಪೂರ್ತಿ ಬಿಡಬೇಕು, ಎಲ್ಲವನ್ನೂ ಯೋಚಿಸಿದ್ದಳು. ಒಂದು ಕಛೇರಿ ಕಟ್ಟುವುದು ಅಂದರೆ ಇದೇ ಅಲ್ವಾ?

ವರ್ಣದ ಚರಣಕ್ಕೆ ಹೋಗುವ ಮೊದಲೇ ಪರೀಕ್ಷಕರು ‘ಸಾಕಮ್ಮ, ಮುಂದಿನದು’ ಅಂದರು. ಚಿಕ್ಕ ಕೃತಿಯನ್ನು ಬಿಟ್ಟುಬಿಡಿ ಅಂದರು. ಸರಿ, ಹೊತ್ತಾಗಿದೆ ಅಂದುಕೊಂಡೆ. ಭೈರವಿ ಶುರು ಮಾಡಿದಳು. ನಿಧಾನವಾಗಿ, ಒಂದೊಂದು ಸ್ವರದಲ್ಲೂ ನಿಂತು ನಿಂತು. ಪಂಚಮಕ್ಕೆ ಬಂದು ಕೂತಳು. ಮೂರು ನಿಮಿಷ ಆಗಿರಬಹುದು. ‘ಸಾಕು, ಕೃತಿ ತಗೊಳ್ಳಿ.’

ಭೈರವಿ ಹಾಡುವವರಿಗೆ ಇದು ಎಂಥ ಜಾಗ ಅಂತ ಗೊತ್ತು. ಆ ರಾಗಕ್ಕೆ ಎರಡು ಧೈವತ, ಅಂದರೆ ಎರಡು ಬಗೆಯ ‘ದ’ ಸ್ವರ. ಹತ್ತುವಾಗ ಸ್ವಲ್ಪ ಎತ್ತರದ ಚತುಶ್ರುತಿ, ಇಳಿಯುವಾಗ ತಗ್ಗಿನ ಶುದ್ಧ. ಪಂಚಮದಿಂದ ಮೇಲಿನ ಷಡ್ಜಕ್ಕೆ ಹೋಗುವ ಆ ನಾಲ್ಕು ಮೆಟ್ಟಿಲಲ್ಲೇ ರಾಗದ ಜೀವ ಇದೆ. ಹತ್ತಿರದ ರಾಗಗಳಾದ ಮುಖಾರಿಯ ಕಡೆ ಜಾರಬಾರದು, ಮಾಂಜಿಯ ಕಡೆ ವಾಲಬಾರದು. ಹುಡುಗಿಗೆ ಭೈರವಿ ಬರುತ್ತದೋ ಇಲ್ಲವೋ ಅಂತ ತಿಳಿಯುವುದೇ ಅಲ್ಲಿ. ಪರೀಕ್ಷಕರು ಅವಳನ್ನು ನಿಲ್ಲಿಸಿದ್ದು ಆ ಮೆಟ್ಟಿಲ ಬುಡದಲ್ಲಿ. ಹಾಗಾದರೆ ಅವರು ಕೇಳಿದ್ದು ಏನನ್ನು? ಅಂಕ ಕೊಟ್ಟಿದ್ದು ಯಾವುದಕ್ಕೆ?

ನೆರವಲ್ ಬೇಡ ಅಂದರು. ನೇರವಾಗಿ ಸ್ವರ. ಇನ್ನು ಮುಂದಿನದು ನನ್ನ ಕ್ಷೇತ್ರ, ಅದಕ್ಕೇ ಜಾಸ್ತಿ ನೋವು. ಅವಳೂ ನಾನೂ ಕೂತು ಒಂದು ಮುಕ್ತಾಯ ಮಾಡಿದ್ದೆವು, ಅಂದರೆ ಕಲ್ಪನಾಸ್ವರವನ್ನು ಮುಗಿಸುವ ಲೆಕ್ಕದ ಸ್ವರಕಟ್ಟು. 18 ಮಾತ್ರೆಯ (ಮಾತ್ರೆ ಅಂದರೆ ತಾಳದ ಚಿಕ್ಕ ಎಣಿಕೆ) ಸ್ವರದ ಗೊಂಚಲು, ಮೂರು ಸಲ. ನಡುವೆ ಎರಡು ಕಾರ್ವೆ, ಅಂದರೆ ಬಿಡುವು, ಐದೈದು ಮಾತ್ರೆ. 54 ಮತ್ತು 10, ಒಟ್ಟು 64. ಎರಡು ಕಳೆ ಆದಿತಾಳದ ಒಂದು ಆವರ್ತನಕ್ಕೆ, ಅಂದರೆ ತಾಳದ ಒಂದು ಪೂರ್ತಿ ಚಕ್ರಕ್ಕೆ, ಸರಿಯಾಗಿ ಕೂರುತ್ತದೆ. ಎಡುಪಿನಿಂದ, ಅಂದರೆ ಹಾಡಿನ ಸಾಲು ತಾಳದಲ್ಲಿ ಶುರುವಾಗುವ ಜಾಗದಿಂದ, ಹೊರಟರೆ ಎಡುಪಿಗೇ ಬಂದು ಬೀಳುತ್ತದೆ. ನಿನ್ನೆ ಮೊದಲ ಸುತ್ತು ಹಾಡಿದಳು. ಕಾರ್ವೆ ಬಿಟ್ಟಳು. ನಾನೂ ಬಿಟ್ಟೆ. ಎರಡನೆಯ ಸುತ್ತು ಅರ್ಧ ಆಗಿತ್ತು. ‘ಸಾಕು.’

ಹೊಸಿಲವರೆಗೆ ಬಂದವರ ಮುಖದ ಮೇಲೆ ಬಾಗಿಲು ಹಾಕಿದ ಹಾಗಾಯಿತು. ಅವಳ ಕೈ ತಾಳ ಹಾಕುತ್ತಲೇ ಇತ್ತು. ದನಿ ನಿಂತಿತ್ತು, ಕೈ ನಿಂತಿರಲಿಲ್ಲ.

ಅಂಕದ ಹಾಳೆ ನನಗೆ ಹೊಸದಲ್ಲ. ಶ್ರುತಿ, ಲಯ, ರಾಗಭಾವ, ಸಾಹಿತ್ಯದ ಉಚ್ಚಾರ, ಮನೋಧರ್ಮ (ಹಾಡುವವರ ಸ್ವಂತ ಕಲ್ಪನೆ). ಕೊನೆಯಲ್ಲಿ ‘ಒಟ್ಟು ಕಛೇರಿ’ ಅಂತ ಇನ್ನೊಂದು ಮನೆ. ಆ ಮನೆಯಲ್ಲೂ ಒಂದು ಅಂಕಿ ಬರೆದೇ ಇರುತ್ತಾರೆ. ಕಛೇರಿಯನ್ನೇ ಕೇಳದೆ ಅದನ್ನು ಹೇಗೆ ತುಂಬುತ್ತಾರೆ?

ನಿನ್ನೆ ಹೊರಗೆ ಬಂದಾಗ ಒಬ್ಬ ಹಿರಿಯರು ಸಮಾಧಾನ ಹೇಳಿದರು. ‘ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಸಾಕಲ್ವಾ? ಅನುಭವ ಇರೋವರಿಗೆ ಎರಡು ನಿಮಿಷದಲ್ಲಿ ಗೊತ್ತಾಗುತ್ತೆ.’ ಮತ್ತೆ ಅದೇ ಸಾಕು! ಒಂದು ಅಗುಳು ಸಾಕಾಗುವುದು ಯಾಕೆ? ಎಲ್ಲ ಅಗುಳೂ ಒಂದೇ ಪಾತ್ರೆಯಲ್ಲಿ, ಒಂದೇ ಉರಿಯಲ್ಲಿ, ಒಟ್ಟಿಗೆ ಬೆಂದಿರುತ್ತವೆ. ಹಾಡು ಹಾಗಲ್ಲ. ಶ್ರುತಿ ಇದೆಯಾ ಅನ್ನುವುದು ಎರಡು ನಿಮಿಷದಲ್ಲಿ ತಿಳಿಯುತ್ತದೆ, ಒಪ್ಪುತ್ತೇನೆ. ಅರ್ಧ ಗಂಟೆ ಆದಮೇಲೂ ಆ ಶ್ರುತಿ ಉಳಿದಿದೆಯಾ ಅನ್ನುವುದು ಅರ್ಧ ಗಂಟೆ ಕೇಳಿದವರಿಗೆ ಮಾತ್ರ ತಿಳಿಯುತ್ತದೆ.

ಅನುಭವದ ಮೇಲೂ ಅಷ್ಟು ಭರವಸೆ ಬೇಡ. 2013ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಸ್ಪರ್ಧೆಗಳ ಚಿಕ್ಕ ತುಣುಕುಗಳನ್ನು ಕೊಟ್ಟು, ಗೆದ್ದವರು ಯಾರು ಅಂತ ಗುರುತಿಸಲು ಹೇಳಿದ್ದರು. ಬರೀ ದನಿ ಕೇಳಿದವರಿಗಿಂತ, ದನಿಯೇ ಇಲ್ಲದ ವಿಡಿಯೊ ನೋಡಿದವರು ಹೆಚ್ಚು ಸರಿಯಾಗಿ ಗುರುತಿಸಿದರು. ಸಂಗೀತ ಕಲಿತವರೂ ಇದಕ್ಕೆ ಹೊರತಾಗಿರಲಿಲ್ಲ. ಅಂದರೆ ಚಿಕ್ಕ ತುಣುಕಿನಲ್ಲಿ ನಾವು ಕಿವಿಗಿಂತ ಜಾಸ್ತಿ ಕಣ್ಣನ್ನು ನಂಬುತ್ತೇವೆ. ಬ್ರಸೆಲ್ಸ್‌ನ ಕ್ವೀನ್ ಎಲಿಸಬೆತ್ ಸ್ಪರ್ಧೆಯ ಫಲಿತಾಂಶಗಳನ್ನು ಇಬ್ಬರು ಅರ್ಥಶಾಸ್ತ್ರಜ್ಞರು ಪರಿಶೀಲಿಸಿ 1996ರಲ್ಲಿ ಬರೆದಿದ್ದರು. ಅಲ್ಲಿ ಕೊನೆಯ ಸುತ್ತಿಗೆ 12 ಜನ. ಯಾರು ಯಾವ ದಿನ ನುಡಿಸಬೇಕು ಅಂತ ಚೀಟಿ ಎತ್ತಿ ನಿರ್ಧಾರ ಮಾಡುತ್ತಾರೆ. ಆದರೂ ಆ ಸರದಿ ಸ್ಥಾನದ ಮೇಲೆ ಪರಿಣಾಮ ಮಾಡಿತ್ತು. ಅಷ್ಟು ಎಚ್ಚರದಿಂದ ನಡೆಸುವ ಜಾಗದಲ್ಲೇ ಹೀಗಾದರೆ, ಒಬ್ಬರಿಗೆ 40, ಇನ್ನೊಬ್ಬರಿಗೆ 14 ನಿಮಿಷ ಕೊಟ್ಟು ಹಾಕಿದ ಅಂಕಕ್ಕೆ ಏನು ಬೆಲೆ?

ನನಗೆ ಇನ್ನೂ ಭಯ ಆಗುವ ವಿಷಯ ಒಂದಿದೆ. ಮಕ್ಕಳಿಗೆ ಈ ‘ಸಾಕು’ ಈಗ ಮೊದಲೇ ಗೊತ್ತು. ನಿನ್ನೆ ಹಾಡಿದವರಲ್ಲಿ ಮೂವರು ಆಲಾಪನೆಯ ಮೊದಲ ನಿಮಿಷದಲ್ಲೇ ತಾರಸ್ಥಾಯಿಗೆ, ಮೇಲಿನ ಸ್ವರಗಳಿಗೆ, ಹಾರಿದರು. ಯಾಕೆ ಅಂತ ಒಬ್ಬನನ್ನು ಕೇಳಿದೆ. ‘ಆಮೇಲೆ ಹಾಡೋಕೆ ಬಿಡಲ್ಲ ಸರ್, ಮೇಷ್ಟ್ರೇ ಹೀಗೆ ಹಾಡು ಅಂದ್ರು’ ಅಂದ. ರಾಗವನ್ನು ಕೆಳಗಿನಿಂದ ಕಟ್ಟಿಕೊಂಡು ಬರುವುದನ್ನೇ ಈ ಮಕ್ಕಳು ಕಲಿಯುವುದಿಲ್ಲ. ಪರೀಕ್ಷೆ ಹೇಗೋ ಪಾಠವೂ ಹಾಗೇ ಆಗಿಬಿಡುತ್ತದೆ.

ಒಂದು ಮಾತು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಬಹಳ ವರ್ಷದ ಹಿಂದೆ ಮೃದಂಗದ ಕೊನೆಯ ಪರೀಕ್ಷೆಗೆ ನಾನೇ ಪರೀಕ್ಷಕನಾಗಿದ್ದೆ. ಒಬ್ಬ ಹುಡುಗ ಮಿಶ್ರಚಾಪು ತಾಳದಲ್ಲಿ ತನಿ ನುಡಿಸುತ್ತಿದ್ದ. ತಿಶ್ರನಡೆ, ಅಂದರೆ ಮೂರರ ಎಣಿಕೆಯ ಭಾಗ, ಮುಗಿಸಿದ. ಸಂಜೆ ಆಗಿತ್ತು, ಬೆನ್ನು ನೋಯುತ್ತಿತ್ತು. ‘ಸಾಕಪ್ಪ’ ಅಂದೆ. ಅವನು ಕೈ ಎತ್ತಲಿಲ್ಲ. ‘ಸರ್, ಮೋಹರಾ ಇದೆ’ ಅಂದ. ತನಿಯನ್ನು ಮುಕ್ತಾಯಕ್ಕೆ ಒಯ್ಯುವ ಭಾಗ ಅದು. ‘ಪರವಾಗಿಲ್ಲ, ಗೊತ್ತಾಯ್ತು’ ಅಂದೆ. ನನಗೆ ಏನೂ ಗೊತ್ತಾಗಿರಲಿಲ್ಲ. ಅವನು ಪಾಸಾದ. ಆದರೆ ಅವನು ಮೃದಂಗದ ಮೇಲೆ ಕೈ ಇಟ್ಟುಕೊಂಡು ನನ್ನನ್ನು ನೋಡಿದ್ದು ನಿನ್ನೆ ಮತ್ತೆ ಕಣ್ಣ ಮುಂದೆ ಬಂತು. ಅವನು ಎಲ್ಲಾದರೂ ಇದನ್ನು ಓದುತ್ತಿದ್ದರೆ, ತಪ್ಪಾಯ್ತಪ್ಪ.

ಪರೀಕ್ಷಕರಿಗೂ ಸುಸ್ತಾಗುತ್ತದೆ, ಗೊತ್ತು. ಹಾಗಾದರೆ ದಿನಕ್ಕೆ ಹತ್ತು ಜನರ ಬದಲು ಐದು ಜನರನ್ನು ಕರೆಯಲಿ. ಸಮಯವೇ ಇಲ್ಲದಿದ್ದರೆ 15 ನಿಮಿಷ ಅಂತ ಮೊದಲೇ ಹೇಳಲಿ, ಮಕ್ಕಳು 15 ನಿಮಿಷಕ್ಕೆ ಒಂದು ಪೂರ್ತಿ ರೂಪ ಕೊಟ್ಟುಕೊಂಡು ಬರುತ್ತಾರೆ. ಆ 15 ನಿಮಿಷವನ್ನಾದರೂ ತಡೆಯದೆ ಕೇಳಲಿ. ಅಂಕದ ಪಕ್ಕದಲ್ಲಿ ಎರಡು ಸಾಲು ಬರೆಯಲಿ, ಯಾವುದು ಚೆನ್ನಾಗಿತ್ತು, ಎಲ್ಲಿ ತಪ್ಪಾಯಿತು ಅಂತ. ವರ್ಷಗಟ್ಟಲೆ ಕಲಿತ ಮಗುವಿಗೆ ಸುಮ್ನೆ ಒಂದು ಅಂಕಿ ಕೈಗೆ ಕೊಟ್ಟು ಕಳಿಸುವುದು ನ್ಯಾಯ ಅಲ್ಲ.

ರಾತ್ರಿ ಆ ಹುಡುಗಿ ಫೋನ್ ಮಾಡಿದ್ದಳು. ಅಂಕದ ಬಗ್ಗೆ ಕೇಳಲಿಲ್ಲ. ‘ಸರ್, ಆ ಮುಕ್ತಾಯ ಇವತ್ತು ಎಡುಪಿಗೆ ಸರಿಯಾಗಿ ಬರ್ತಿತ್ತಾ?’ ಅಂದಳು.

ಬರ್ತಿತ್ತಮ್ಮ ಅಂದೆ. ನಾನು ಕೇಳಿದ್ದೂ ಒಂದೂವರೆ ಸುತ್ತು ಮಾತ್ರ.