ಕಾಫಿ ಪಾತ್ರೆಗೆ ಗಾಜಿನ ಪೆಟ್ಟಿಗೆ ಬೇಕೇ?

ಇಟಲಿಯ ವಿನ್ಯಾಸ ಮತ್ತು ಅಲಂಕಾರ ಕಲೆಗಳ ಇತಿಹಾಸ ಹೇಳುವ ಪ್ರದರ್ಶನಗಳಿಂದ ನಿಜಕ್ಕೂ ಪ್ರಯೋಜನ ಇದೆಯೇ? ಇಬ್ಬರು ಬರೆದಿದ್ದಾರೆ.

ಪರ: ಅಕ್ಕಪಕ್ಕ ಇಟ್ಟರೆ ಕಥೆ ಕಾಣುತ್ತದೆ

ಪರವಾಗಿ ಬರೆಯಿರಿ ಎಂದು ಕೇಳಿದರು. ಎಲ್ಲದಕ್ಕೂ ನನ್ನ ಒಪ್ಪಿಗೆ ಇದೆ ಎನ್ನಲಾರೆ. ಆದರೂ ಬೇಡ ಎನ್ನುವುದಕ್ಕಿಂತ ಬೇಕು ಎನ್ನುವುದಕ್ಕೇ ಕಾರಣ ಜಾಸ್ತಿ ಇದೆ.

ಒಂದು ವಸ್ತುವನ್ನು ಒಂಟಿಯಾಗಿ ನೋಡಿದರೆ ಅದು ಬರೀ ವಸ್ತು. ಅದರ ಹಿಂದಿನದು, ಮುಂದಿನದು ಪಕ್ಕದಲ್ಲಿದ್ದರೆ ಅದು ಯಾಕೆ ಹಾಗಿದೆ ಅಂತ ತಿಳಿಯುತ್ತದೆ. ಮಿಲಾನ್ ಪಕ್ಕದ ಮೊಂಝಾ ಊರಿನಲ್ಲಿ 1923ರಲ್ಲಿ ಅಲಂಕಾರ ಕಲೆಗಳ ಪ್ರದರ್ಶನ ಶುರುವಾಯಿತು. ವಾಸ್ತುಶಿಲ್ಪಿಯೂ ವಿನ್ಯಾಸಕಾರರೂ ಆದ ಜಿಯೋ ಪೋಂಟಿ ಅಲ್ಲಿ ಚಿತ್ರ ಬರೆದ ಪಿಂಗಾಣಿಯನ್ನು ಇಟ್ಟಿದ್ದರು. 34 ವರ್ಷದ ಬಳಿಕ, 1957ರಲ್ಲಿ, ಅದೇ ಪೋಂಟಿಯವರ ಸೂಪರ್‌ಲೆಜ್ಜೇರಾ ಕುರ್ಚಿ ಬಂತು. ತೂಕ 1.7 ಕಿಲೋ. ಅಲಂಕಾರದಿಂದ ಶುರು ಮಾಡಿದವರು ಬೇಡದ್ದನ್ನೆಲ್ಲ ಕಳೆಯುವ ಹಂತಕ್ಕೆ ಹೇಗೆ ಬಂದರು? ಎರಡನ್ನೂ ಒಂದೇ ಕೋಣೆಯಲ್ಲಿ ನೋಡಿದಾಗ ಈ ಪ್ರಶ್ನೆ ತಾನಾಗಿ ಏಳುತ್ತದೆ.

ಇನ್ನೊಂದು ಮಾತು. ಮೊಂಝಾದ ಪ್ರದರ್ಶನ 1933ರಲ್ಲಿ ಮಿಲಾನ್‌ಗೆ ಬಂದು ಟ್ರಿಯೆನ್ನಾಲೆ, ಅಂದರೆ ಮೂರು ವರ್ಷಕ್ಕೊಮ್ಮೆಯ ಪ್ರದರ್ಶನ, ಆಗಿ ನೆಲೆಸಿತು. ಯುದ್ಧದಲ್ಲಿ ಮನೆಗಳು ನೆಲಸಮವಾಗಿದ್ದವು. 1947ರ ಎಂಟನೇ ಟ್ರಿಯೆನ್ನಾಲೆ ವಸತಿಯನ್ನೇ ವಿಷಯ ಮಾಡಿಕೊಂಡಿತು. ವಾಸ್ತುಶಿಲ್ಪಿ ಪಿಯೆರೊ ಬೊತ್ತೋನಿ ಅದರ ಅಂಗವಾಗಿಯೇ ಒಂದು ಬಡಾವಣೆ ಕಟ್ಟಿಸಲು ಹೊರಟರು. ಕ್ಯೂಟಿ8 ಎಂಬ ಆ ಬಡಾವಣೆಯಲ್ಲಿ ಇಂದಿಗೂ ಜನ ವಾಸವಿದ್ದಾರೆ. ಪ್ರದರ್ಶನ ಅಂದರೆ ಸುಮ್ನೆ ನೋಡಿ ಬರುವುದಷ್ಟೇ ಅಲ್ಲ ಎನ್ನಲು ಇದಕ್ಕಿಂತ ಸಾಕ್ಷಿ ಬೇಕಿಲ್ಲ.

2019ರಿಂದ ಮಿಲಾನ್‌ನ ಟ್ರಿಯೆನ್ನಾಲೆ ಕಟ್ಟಡದಲ್ಲಿ ಇಟಾಲಿಯನ್ ವಿನ್ಯಾಸದ ಮ್ಯೂಸಿಯಂ ಇದೆ. ವಿದ್ಯಾರ್ಥಿಗಳು ಹೋಗಿ ನೋಡಲಿ.

ವಿರೋಧ: ಹಗುರ ಅನ್ನೋದು ಕಣ್ಣಿಗೆ ಕಾಣಲ್ಲ

ಆ ಕುರ್ಚಿಯಿಂದಲೇ ಶುರು ಮಾಡುತ್ತೇನೆ. 1.7 ಕಿಲೋ ಅಂತ ಚೀಟಿಯಲ್ಲಿ ಬರೆದಿರುತ್ತದೆ. ಕುರ್ಚಿ ಕಟ್ಟೆಯ ಮೇಲಿರುತ್ತದೆ. ಮುಟ್ಟುವ ಹಾಗಿಲ್ಲ. ಹಗುರ ಎನ್ನುವುದು ಕೈಗೆ ಗೊತ್ತಾಗಬೇಕಾದ ಗುಣ, ಅಲ್ವಾ? ಹಳೆಯ ಜಾಹೀರಾತಿನಲ್ಲಿ ಒಬ್ಬ ಪುಟ್ಟ ಹುಡುಗ ಅದನ್ನು ಒಂದೇ ಬೆರಳಲ್ಲಿ ಎತ್ತಿ ಹಿಡಿದಿದ್ದ. ಆ ಕುರ್ಚಿಯ ಬಗ್ಗೆ ಹೇಳಬೇಕಾದ್ದೆಲ್ಲ ಆ ಬೆರಳಿನಲ್ಲಿತ್ತು.

ಮಗಳ ಬಾಣಂತನಕ್ಕೆಂದು ಹೋಗಿ ಮೂರು ತಿಂಗಳು ಮಿಲಾನ್‌ನಲ್ಲಿದ್ದೆ. ಪಕ್ಕದ ಮನೆಯ ಅಜ್ಜಿಗೆ ನನ್ನ ಭಾಷೆ ಬಾರದು, ನನಗೆ ಅವರದ್ದು ಬಾರದು. ಒಂದು ದಿನ ಕೈಹಿಡಿದು ತಮ್ಮ ಅಡುಗೆಮನೆಗೆ ಕರೆದುಕೊಂಡು ಹೋದರು. ಒಲೆಯ ಮೇಲೆ ಎಂಟು ಮುಖದ ಅಲ್ಯೂಮಿನಿಯಂ ಕಾಫಿ ಪಾತ್ರೆ. ಮೊಕಾ. ಹಿಡಿಕೆ ಒಂದು ಕಡೆ ಕರಗಿತ್ತು. ಕೆಳಗೆ ನೀರು, ಸರಿಯಾಗಿ ಒಳಗಿನ ಕವಾಟದ ಕೆಳಗಿನವರೆಗೆ. ನಡುವಿನ ಬಟ್ಟಲಿಗೆ ಪುಡಿ. ನಾನು ಅಭ್ಯಾಸದಂತೆ ಪುಡಿಯನ್ನು ಒತ್ತಲು ಹೋದೆ, ಅಜ್ಜಿ ಕೈ ತಡೆದರು. ಸಣ್ಣ ಉರಿ. ನಮ್ಮ ಫಿಲ್ಟರ್‌ನಲ್ಲಿ ಡಿಕಾಕ್ಷನ್ ಕೆಳಗೆ ಇಳಿಯುತ್ತದೆ, ಇದರಲ್ಲಿ ಮೇಲಕ್ಕೆ ಏರುತ್ತದೆ. ಗುಳುಗುಳು ಸದ್ದು ಬಂದ ತಕ್ಷಣ ಅಜ್ಜಿ ಉರಿ ಆರಿಸಿದರು. ತೊಳೆಯುವಾಗ ಸೋಪು ಬೇಡವೆಂದು ಬೆರಳಾಡಿಸಿದರು.

ವಾರದ ಬಳಿಕ ಅಳಿಯ ಒಂದು ಪ್ರದರ್ಶನಕ್ಕೆ ಕರೆದುಕೊಂಡು ಹೋದ. ಅಲ್ಲಿ ಅದೇ ಮೊಕಾ, ಗಾಜಿನೊಳಗೆ. ಮಾಡಿದವರು ಆಲ್ಫೊನ್ಸೊ ಬಿಯಲೆತ್ತಿ, 1933 ಅಂತ ಚೀಟಿ. ಫಳಫಳ ಹೊಳೆಯುತ್ತಿತ್ತು. ಒಳಗೆ ಒಂದು ಚೂರೂ ಕಲೆ ಇಲ್ಲ. ನನಗೆ ನಿಜವಾಗಿ ಬೇಸರವಾಯಿತು. ಸದ್ದಿಲ್ಲ, ಪರಿಮಳವಿಲ್ಲ, ಉರಿ ಆರಿಸುವ ಕೈಯಿಲ್ಲ. ಮೊಮ್ಮಗನನ್ನು ಎತ್ತಿಕೊಂಡು ಹತ್ತಿರ ಬಾಗಿದೆ, ಕಾವಲಿನವರು ಗದರಿದರು.

ಪ್ರದರ್ಶನದಿಂದ ಬಡಾವಣೆ ಎದ್ದಿತು ಎನ್ನುತ್ತಾರೆ ಪರ ಬರೆದವರು. ಜನ ವಾಸ ಮಾಡುವ ಜಾಗವನ್ನು ನಾನು ಬಡಾವಣೆ ಅಂತಲೇ ಕರೆಯುತ್ತೇನೆ, ಪ್ರದರ್ಶನ ಅಂತಲ್ಲ. ನಾನು ಕೇಳುತ್ತಿರುವುದು ಗಾಜಿನ ಪೆಟ್ಟಿಗೆಯ ವಿಷಯ. 1968ರ ಮೇ 30ರಂದು, ಉದ್ಘಾಟನೆಯ ದಿನವೇ, ವಿದ್ಯಾರ್ಥಿಗಳೂ ಕಲಾವಿದರೂ ಆ ಟ್ರಿಯೆನ್ನಾಲೆಗೆ ನುಗ್ಗಿ ಅದನ್ನು ವಶಕ್ಕೆ ತೆಗೆದುಕೊಂಡರು. ಕಲಾವಿದರಿಗೇ ಅದು ಸಾಕೆನಿಸಿತ್ತು.

ಇಟಲಿಯ ವಿನ್ಯಾಸಕಾರ ಆಕಿಲ್ಲೆ ಕಾಸ್ತಿಲ್ಯೋನಿ ತಮ್ಮ ಅಣ್ಣ ಪಿಯೆರ್ ಜಾಕೊಮೊ ಜೊತೆ ಒಂದು ಸ್ವಿಚ್ಚು ಮಾಡಿದರು. ಟೇಬಲ್ ದೀಪದ ವೈರಿನ ನಡುವೆ ಕೂರುತ್ತದಲ್ಲ, ಅದು. ಎಲೆಕ್ಟ್ರಿಕ್ ಅಂಗಡಿಗಳಲ್ಲಿ ಸಿಗುತ್ತದೆ. ಯಾರು ಮಾಡಿದ್ದು ಅಂತ ತಿಳಿಯದೆ ಲಕ್ಷಾಂತರ ಜನ ಒತ್ತಿದರು. ಆಕಿಲ್ಲೆಗೆ ಅದರಲ್ಲೇ ಹೆಮ್ಮೆ. ಒಳ್ಳೆಯ ವಿನ್ಯಾಸ ಇರಬೇಕಾದ ಜಾಗ ಅದು, ಬೆರಳಿನ ಕೆಳಗೆ.

ನಾನು ಹೊರಡುವ ದಿನ ಅಜ್ಜಿ ನನಗೊಂದು ಮೊಕಾ ಕೊಟ್ಟರು, ಜೊತೆಗೆ ಎರಡು ರಬ್ಬರ್ ರಿಂಗು. ಸವೆದಾಗ ಬದಲಾಯಿಸು ಅಂತ ಸನ್ನೆ ಮಾಡಿದರು. ಒಂದನ್ನು ಹೋದ ವರ್ಷ ಹಾಕಿದೆ. ಇನ್ನೊಂದು ಸಾಸಿವೆ ಡಬ್ಬಿಯ ಪಕ್ಕ ಇದೆ.