ಖಜಾನ್ ಗದ್ದೆಯಲ್ಲಿ ಬೆಳೆಯುವುದು ಭತ್ತ ಮಾತ್ರ ಅಲ್ಲ

ಗೋವಾದಲ್ಲಿ ಬೇಸಾಯದಿಂದ ಲಾಭ ಇಲ್ಲ, ಹಳ್ಳಿಗಳಿಗೂ ಇನ್ನು ಪ್ರವಾಸೋದ್ಯಮವೇ ದಾರಿ ಅನ್ನುವ ಲೇಖನವೊಂದನ್ನು ಓದಿದೆ, ಆ ಮಾತು ನನಗೆ ಒಪ್ಪಿಗೆಯಿಲ್ಲ. ಬರೀ ಭತ್ತದ ಕ್ವಿಂಟಲ್ ಲೆಕ್ಕ ಹಿಡಿದರೆ ಹಾಗೇ ಅನಿಸುತ್ತದೆ. ನಾನಿರುವುದು ಮಡಗಾಂವ್‌ನಲ್ಲಿ, ಊರು ಕುಮಟಾ. ಅಘನಾಶಿನಿ ಹೊಳೆ ದಂಡೆಯ ಉಪ್ಪುನೀರಿನ ಗಜನಿ ಗದ್ದೆ, ಅಲ್ಲಿ ಬೆಳೆಯುವ ಕಗ್ಗ ಭತ್ತ ನೋಡಿ ಬೆಳೆದವನಿಗೆ ಇಲ್ಲಿನ ಖಜಾನ್ ಗದ್ದೆ, ಅಂದರೆ ಏರಿ ಕಟ್ಟಿ ಹೊಳೆಯ ಉಪ್ಪುನೀರು ತಡೆದ ತಗ್ಗು ಗದ್ದೆ, ಹೊಸದೇನಲ್ಲ.

ಒಂದು ಸಲ ಏರಿ ಮೇಲೆ ನಿಂತು ತೂಬಿನ ಬಾಗಿಲು ನೋಡಿ. ಉಬ್ಬರದ ನೀರು ಒತ್ತಿದಾಗ ಮರದ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಇಳಿತದಲ್ಲಿ ಒಳಗಿನ ನೀರೇ ಅದನ್ನು ತಳ್ಳಿಕೊಂಡು ಹೊರಗೆ ಹೋಗುತ್ತದೆ. ಕರೆಂಟೂ ಬೇಡ, ಪಂಪೂ ಬೇಡ. ಮಳೆಗಾಲದಲ್ಲಿ ಉಪ್ಪು ತಡೆಯುವ ಕೊರ್ಗುಟ್ ಭತ್ತ, ಒಳಗಿನ ಕಾಲುವೆಯಲ್ಲಿ ಸಿಗಡಿ, ಏಡಿ, ಮೀನು. ಜೋರು ಮಳೆಯ ನೀರು ಹಿಡಿದಿಡುವುದೂ ಇದೇ ಗದ್ದೆ. ಏರಿ ಒಡೆದರೆ ಗದ್ದೆಯೂ ಹಾಳು, ಅಕ್ಕಪಕ್ಕದ ಬಾವಿ ನೀರೂ ಉಪ್ಪು. ಇದನ್ನೆಲ್ಲ ಯಾವ ಲೆಕ್ಕಕ್ಕೆ ಹಾಕುತ್ತೀರಿ?

ಮೊದಲು ಏರಿಯ ಕೆಲಸವನ್ನು ಕೊಮುನಿದಾದ್, ಅಂದರೆ ಊರಿನ ಜಮೀನು ಒಟ್ಟಾಗಿ ಹೊಂದಿದ್ದ ಹಳೆಯ ಗ್ರಾಮಸಂಸ್ಥೆ, ನೋಡಿಕೊಳ್ಳುತ್ತಿತ್ತು. 1964ರ ಗೇಣಿ ಕಾಯ್ದೆ ಬಂದ ಮೇಲೆ ಅದು ಗೇಣಿದಾರರ ಸಂಘಕ್ಕೆ ಹೋಯಿತು. ಉಳುವವನಿಗೆ ಹಕ್ಕು ಸಿಕ್ಕಿದ್ದು ಸರಿಯೇ. ಆದರೆ ತೂಬಿನ ಹತ್ತಿರ ಮೀನು ಹಿಡಿಯುವ ಹಕ್ಕಿನ ಹರಾಜಿನಲ್ಲೇ ದುಡ್ಡು ಜಾಸ್ತಿ ಅಂತ ಕೆಲವು ಕಡೆ ಬಾಗಿಲು ತೆರೆದೇ ಬಿಡುತ್ತಾರೆ. ಉಪ್ಪುನೀರು ನಿಂತು ಗದ್ದೆ ಬೀಳು ಬೀಳುತ್ತದೆ. ಹರಾಜಿನ ಹಣದಲ್ಲಿ ಒಂದು ಪಾಲು ಏರಿ ದುರಸ್ತಿಗೇ ಹೋಗಬೇಕು, ಅಲ್ವಾ? ಲೇಖಕರು ಇದರ ಬಗ್ಗೆಯೂ ಬರೆಯಲಿ.