ಹುಟ್ಟಿದ್ದು ಮೈಸೂರು, ಕೆಲಸಕ್ಕೆ ಸೇರೋಕೆ ವೀಸಾ ಬೇಕಂತೆ

ಈಗಷ್ಟೇ ಬೆಂಗಳೂರಿನಿಂದ ಬಂದೆ. ಕೈಕಾಲು ತೊಳೆದು ನೇರ ಇದನ್ನು ಬರೆಯೋಕೆ ಕೂತಿದ್ದೇನೆ. ಊಟ ಆಮೇಲೆ ಮಾಡಿದರಾಯಿತು.

ನಮ್ಮ ಪುಟ್ಟಿ ವಿಷಯ ನಿಮಗೆಲ್ಲ ಗೊತ್ತೇ ಇದೆ. ನನ್ನ ತಂಗಿ ಮಗಳು. ಹುಟ್ಟಿದ್ದು ಇಲ್ಲೇ, ಚೆಲುವಾಂಬ ಆಸ್ಪತ್ರೆಯಲ್ಲಿ. ಮೂರು ವರ್ಷ ತುಂಬುವ ಮೊದಲೇ ನ್ಯೂಜೆರ್ಸಿಗೆ ಹೋದಳು. ಅಪ್ಪ ಅಮ್ಮ ಅಲ್ಲಿಯ ಪೌರತ್ವ ತಗೊಂಡಾಗ ಇವಳಿಗೂ ಅಲ್ಲಿಯ ಪಾಸ್‌ಪೋರ್ಟ್ ಬಂತು. ಎರಡು ದೇಶದ ಪೌರತ್ವಕ್ಕೆ ನಮ್ಮ ಕಾನೂನಿನಲ್ಲಿ ಜಾಗ ಇಲ್ಲ. ಹಾಗಾಗಿ ಇಲ್ಲಿಯದು ಹೋಯಿತು, ಬೇರೆ ದೇಶದ ಪ್ರಜೆಗಳಾದ ಭಾರತೀಯ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಬಂತು. ಈಗ 26 ವರ್ಷ. "ಇಲ್ಲೇ ಇರ್ತೀನಿ ದೊಡ್ಡಮ್ಮ" ಅಂತ ಬಂದಿದ್ದಾಳೆ. ಒಂದು ಕಂಪನಿಯಲ್ಲಿ ಕೆಲಸವೂ ಸಿಕ್ಕಿತು. ಮನೆಯವರೆಲ್ಲ ಎಷ್ಟು ಖುಷಿಪಟ್ಟಿದ್ದೆವು!

ಇವತ್ತು ಕಾಗದಪತ್ರ ತೋರಿಸೋಕೆ ಕರೆದಿದ್ದರು. ಎಚ್‌ಆರ್ ಹುಡುಗ ಒಸಿಐ ಪುಸ್ತಕ ಹಿಂದೆ ಮುಂದೆ ತಿರುಗಿಸಿ ನೋಡಿದ. "ಇದು ಓಕೆ ಮೇಡಂ, ಎಂಪ್ಲಾಯ್‌ಮೆಂಟ್ ವೀಸಾ ಎಲ್ಲಿ?" ಅಂದ. ಫಾರಿನರ್‌ಗಳಿಗೆ ಆ ವೀಸಾ ಸಿಗಬೇಕಾದರೆ ವರ್ಷಕ್ಕೆ 16.25 ಲಕ್ಷ ಸಂಬಳ ಇರಬೇಕು, ಇವರದ್ದು ಅಷ್ಟಿಲ್ಲ, ಹಾಗಾಗಿ ಕಷ್ಟ ಅಂತ ಅವನೇ ತೀರ್ಮಾನವನ್ನೂ ಕೊಟ್ಟುಬಿಟ್ಟ.

ಅಲ್ಲಪ್ಪ, ಒಸಿಐ ಇರುವವರಿಗೆ ಆ ವೀಸಾನೇ ಬೇಡ! ಕಾರ್ಡೇ ಜೀವನಪರ್ಯಂತದ ವೀಸಾ. ಗೃಹ ಸಚಿವಾಲಯದ ಅಧಿಸೂಚನೆ ಇದೆ, 2021ರ ಮಾರ್ಚ್ 4ರದ್ದು. ಪತ್ರಿಕೋದ್ಯಮ, ಸಂಶೋಧನೆ, ಧರ್ಮಪ್ರಚಾರ, ಪರ್ವತಾರೋಹಣ ಇಂಥ ಕೆಲವಕ್ಕೆ ಮಾತ್ರ ಮುಂಚೆ ಅನುಮತಿ ಕೇಳಬೇಕು. ಸರ್ಕಾರಿ ನೌಕರಿ ಸಾಮಾನ್ಯವಾಗಿ ಸಿಗಲ್ಲ, ವೋಟು ಹಾಕುವ ಹಾಗಿಲ್ಲ, ಕೃಷಿ ಜಮೀನು ಕೊಳ್ಳುವ ಹಾಗಿಲ್ಲ. ಅದೆಲ್ಲ ಗೊತ್ತಿದ್ದೇ ಬಂದವಳು ಅವಳು. ಖಾಸಗಿ ಕಂಪನಿಯಲ್ಲಿ ದುಡಿಯೋಕೆ ಯಾವ ಅಡ್ಡಿಯೂ ಇಲ್ಲ.

ಹೇಳಿದೆ. ಕೇಳಿಸಿಕೊಂಡ. "ಸರಿ, ಆಧಾರ್ ಕೊಡಿ" ಅಂದ.

ಆಧಾರ್‌ಗೆ ಅರ್ಜಿ ಹಾಕಬೇಕಾದರೆ ಒಸಿಐನವರು ಹಿಂದಿನ 12 ತಿಂಗಳಲ್ಲಿ 182 ದಿನ ಇಲ್ಲಿ ಇದ್ದಿರಬೇಕು. ಪುಟ್ಟಿ ಬಂದ ದಿನದಿಂದ ನಮ್ಮ ಅಡುಗೆಮನೆ ಕ್ಯಾಲೆಂಡರಿನಲ್ಲಿ ದಿನಾ ಪೆನ್ಸಿಲಿನಲ್ಲಿ ಅಂಕಿ ಬರೆಯುತ್ತಾಳೆ. ಹಾಲಿನ ಲೆಕ್ಕದ ಪಕ್ಕದಲ್ಲೇ. ಪ್ಯಾನ್ ಆಗಲೇ ಬಂದಿದೆ, ವಿದೇಶಿ ಪ್ರಜೆಗಳಿಗಿರುವ ಅರ್ಜಿ ಹಾಕಿ ತಗೊಂಡಿದ್ದು. ಅದನ್ನು ಕೊಟ್ಟರೆ, ಆಧಾರ್ ಲಿಂಕ್ ಆಗದ ಪ್ಯಾನ್ ನಡೆಯಲ್ಲವಂತೆ. ಭಾರತದ ಪ್ರಜೆ ಅಲ್ಲದವರಿಗೆ ಆ ಲಿಂಕ್ ಕಡ್ಡಾಯ ಅಲ್ಲ ಅಂತ 2017ರಲ್ಲೇ ಅಧಿಸೂಚನೆ ಆಗಿದೆ. ವೀಸಾ ಕೇಳುವಾಗ ಇವಳು ಫಾರಿನರ್, ಆಧಾರ್ ಕೇಳುವಾಗ ಮಾತ್ರ ಇಲ್ಲಿಯವಳಾ? ಯಾವುದಾದರೂ ಒಂದು ಹೇಳಿ!

ರೂಲ್ಸ್ ಬೇಕಲ್ವಾ, ಸುಳ್ಳು ದಾಖಲೆ ತಂದು ಮೋಸ ಮಾಡುವವರು ಇರ್ತಾರೆ ಅಂತೀರಿ. ರೂಲ್ಸ್ ಬೇಡ ಅಂತ ನಾನೆಲ್ಲಿ ಹೇಳಿದೆ? ಇರುವ ರೂಲ್ಸ್ ಓದಿ ಅಂತ ತಾನೇ ಹೇಳ್ತಿರೋದು. ಕಾನೂನು ಆಗುತ್ತೆ ಅನ್ನುತ್ತೆ, ಮೇಜಿನ ಆಚೆ ಕೂತವರು ಆಗಲ್ಲ ಅಂತಾರೆ. ಅಮೆರಿಕದ ಪಾಸ್‌ಪೋರ್ಟ್ ಬಿಟ್ಟುಕೊಡಲಿ ಅಂತಲೂ ಕೆಲವರು ಹೇಳ್ತಾರೆ. ಅದು ಬಂದಾಗ ಅವಳು ಶಾಲೆಗೆ ಹೋಗೋ ಮಗು. ಯಾರಾದರೂ ಅವಳನ್ನು ಕೇಳಿದ್ದರಾ?

ಇಷ್ಟು ಕೋಪ ಮಾಡಿಕೊಂಡ ಮೇಲೆ ಇದನ್ನೂ ಹೇಳಲೇಬೇಕು. ನಾನು 31 ವರ್ಷ ಬ್ಯಾಂಕ್ ಕೌಂಟರಿನ ಆಚೆ ಕೂತವಳು. ಆಗಿನ್ನೂ ಭಾರತೀಯ ಮೂಲದವರಿಗೆ ಪಿಐಒ ಅನ್ನೋ ಬೇರೆ ಕಾರ್ಡ್ ಇತ್ತು, 2015ರಲ್ಲಿ ಅದನ್ನು ಒಸಿಐಗೆ ಸೇರಿಸಿದರು. ಒಬ್ಬ ಹುಡುಗ ಆ ಕಾರ್ಡ್ ಹಿಡಿದು ಖಾತೆ ತೆರೆಯೋಕೆ ಬಂದಿದ್ದ. ನಾನು ಆ ಕಾರ್ಡ್ ನೋಡಿದ್ದು ಅದೇ ಮೊದಲು. ಗೊತ್ತಿಲ್ಲ, ವಿಚಾರಿಸಿ ಹೇಳ್ತೀನಿ ಅನ್ನಬಹುದಿತ್ತು. "ಇದು ನಡೆಯಲ್ಲ" ಅಂದೆ. ಕ್ಯೂ ಜಾಸ್ತಿ ಇತ್ತು. ಅವನು ಮತ್ತೆ ಬರಲಿಲ್ಲ. ಇವತ್ತು ಆ ಎಚ್‌ಆರ್ ಹುಡುಗನ ಮುಖ ನೋಡುತ್ತಾ ಅದೇ ನೆನಪಾಗಿ ಹೊಟ್ಟೆ ತೊಳಸಿದ ಹಾಗಾಯಿತು.

ವಾಪಸ್ ಬರುವಾಗ ರೈಲಿನಲ್ಲಿ ಮದ್ದೂರು ವಡೆ ಕೊಡಿಸಿದೆ. ಅವಳಿಗೆ ಪ್ರಾಣ ಅದು. ಇವತ್ತು ಪೊಟ್ಟಣ ಮಡಿಲಲ್ಲಿ ಇಟ್ಟುಕೊಂಡು ಸುಮ್ನೆ ಕಿಟಕಿ ಕಡೆ ನೋಡ್ತಾ ಕೂತಿದ್ದಳು. ಶ್ರೀರಂಗಪಟ್ಟಣ ದಾಟಿದ ಮೇಲೆ, "ನಾನು ಫಾರಿನರ್ ಅಲ್ಲ ಅಂತ ಅವರಿಗೆ ಹೇಳೋಕೂ ಆಗಲ್ಲ ಅಲ್ವಾ ದೊಡ್ಡಮ್ಮ" ಅಂದಳು. ನನಗೆ ಉತ್ತರ ತೋಚಲಿಲ್ಲ.

ಸೋಮವಾರ ಮತ್ತೆ ಹೋಗ್ತಿದ್ದೇವೆ. ಎರಡೂ ಅಧಿಸೂಚನೆ ಪ್ರಿಂಟ್ ತೆಗೆಸಿ ಆಯಿತು, ಬೇಕಾದ ಸಾಲಿಗೆ ಗೆರೆ ಎಳೆದಿದ್ದೇನೆ. ನಿಮ್ಮಲ್ಲಿ ಎಚ್‌ಆರ್ ಕೆಲಸದಲ್ಲಿ ಇರುವವರಿಗೆ ಆ ಪ್ರತಿ ಬೇಕಾದರೆ ಮೆಸೇಜ್ ಮಾಡಿ, ಕಳಿಸ್ತೀನಿ. ಪುಟ್ಟಿ ಈಗ ಅಡುಗೆಮನೆಯಲ್ಲಿ ಕ್ಯಾಲೆಂಡರ್ ಮುಂದೆ ನಿಂತಿದ್ದಾಳೆ. ಇವತ್ತಿಗೆ 113.